ಬೆಂಚ್‌ಪ್ರೆಸ್ ಏರಿತು, ಈಜು ನಿಂತಲ್ಲೇ ನಿಂತಿತು: ವಾಟರ್ ಪೋಲೊ ಆಟಗಾರನ ಭುಜದ ಒಂದು ಪ್ರಕರಣ

ಹನ್ನೆರಡು ವಾರ ಜಿಮ್. ಬೆಂಚ್‌ಪ್ರೆಸ್ 60 ಕೆಜಿಯಿಂದ 75 ಕೆಜಿಗೆ ಏರಿತು. ಎದೆ ಹರವಾಯಿತು, ಚೆಂಡು ಗೋಲಿನತ್ತ ಮೊದಲಿಗಿಂತ ಬಿರುಸಾಗಿ ಹೋಗತೊಡಗಿತು. ಆದರೆ ತಲೆ ಎತ್ತಿ ಈಜುವ 20 ಮೀಟರ್ ಸ್ಪ್ರಿಂಟ್ 11.75 ಸೆಕೆಂಡಿನಿಂದ 11.70ಕ್ಕೆ ಬಂದು ಅಲ್ಲೇ ಕೂತಿತು. ಪ್ರತಿ ಕ್ವಾರ್ಟರಿನ ಆರಂಭದಲ್ಲಿ ನಡುಗೆರೆಯ ಚೆಂಡಿಗಾಗಿ ನಡೆಯುವ ಓಟದಲ್ಲಿ ಮೊದಲು ಸೋಲುತ್ತಿದ್ದವನು ಈಗಲೂ ಸೋಲುತ್ತಿದ್ದ. ಹೊಸದಾಗಿ ಸೇರಿಕೊಂಡದ್ದು ಬಲಭುಜದ ಮುಂಭಾಗದ ನೋವು.

ಈ ಪ್ರಕರಣದ ಆಟಗಾರ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಕ್ಲಬ್ ಮಟ್ಟದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪರಿಸ್ಥಿತಿಯನ್ನು ಒಬ್ಬನ ಮೈಮೇಲೆ ಕೂರಿಸಿ ಬಿಡಿಸಿ ನೋಡಿದ್ದೇವೆ. ಅವನ ಅಂಕಿಗಳನ್ನು ಲೆಕ್ಕ ಅರ್ಥವಾಗಲೆಂದು ನಾವೇ ಇಟ್ಟಿದ್ದೇವೆ. ನೀರಿನ ಭೌತಶಾಸ್ತ್ರ, ಸ್ನಾಯುಗಳ ಕೆಲಸ ಮತ್ತು ಅಳೆಯುವ ವಿಧಾನ ಮಾತ್ರ ಇದ್ದದ್ದು ಇದ್ದಂತೆಯೇ.

ಅವನ ವಯಸ್ಸು 19, ಎತ್ತರ 178 ಸೆಂ.ಮೀ., ತೂಕ 74 ಕೆಜಿ, ಬಲಗೈ ಆಟಗಾರ. ಹೊರವಲಯದಲ್ಲಿ ಆಡುತ್ತಾನೆ. ಅಂದರೆ ಗೋಲಿನ ಮುಂದೆ ಕುಸ್ತಿಗೆ ನಿಲ್ಲುವ ಸೆಂಟರ್ ಅಲ್ಲ, ಈಜಿ ಒಳನುಗ್ಗುವ ಡ್ರೈವರ್. ಬೆಂಗಳೂರಿನ ಒಂದು ಬಯಲು ಕೊಳದಲ್ಲಿ ವಾರಕ್ಕೆ ಐದು ದಿನ ಅಭ್ಯಾಸ, ದಿನಕ್ಕೆ ಸುಮಾರು 3 ಕಿ.ಮೀ. ಈಜು, ಜೊತೆಗೆ 120ರಷ್ಟು ಶಾಟ್. ಹದಿನೈದರವರೆಗೆ ಬರೀ ಈಜುಗಾರನಾಗಿದ್ದು ಆಮೇಲೆ ಪೋಲೊಗೆ ಬಂದವನು. ನಮ್ಮಲ್ಲಿ ಹೆಚ್ಚಿನವರು ಬರುವ ದಾರಿಯೂ ಇದೇ.

ಓದುಗರಿಗೆ ಆಟದ ಅಳತೆಗಳು ಗೊತ್ತಿರಲಿ. ಒಂದು ಕಡೆ ಗೋಲಿಯೂ ಸೇರಿ ಏಳು ಮಂದಿ, ಎಂಟು ನಿಮಿಷದ ನಾಲ್ಕು ಕ್ವಾರ್ಟರ್. ಗಂಡಸರ ಚೆಂಡು 400ರಿಂದ 450 ಗ್ರಾಂ. ಗಂಡಸರ ಅಂಕಣ ಬಹುಕಾಲ 30 ಮೀಟರ್ ಉದ್ದವಿತ್ತು, 2025ರಲ್ಲಿ ಅಂತಾರಾಷ್ಟ್ರೀಯ ನಿಯಮ ಅದನ್ನು 25ಕ್ಕೆ ಇಳಿಸಿತು. ಹಾಗಾಗಿ ಗೋಲ್‌ಗೆರೆಯಿಂದ ನಡುಗೆರೆಗೆ ಈಗ 12.5 ಮೀಟರ್ ಮಾತ್ರ. ಧುಮುಕುವ ಕಟ್ಟೆ ಇಲ್ಲ. ತೇಲುವ ಗೋಲಿರುವ ಅಂಕಣದಲ್ಲಿ ಒದೆಯಲು ಬೆನ್ನ ಹಿಂದೆ ಗೋಡೆಯೂ ಇಲ್ಲ. ನಿಂತ ನೀರಿನಲ್ಲಿ ನಿಂತ ಮೈಯಿಂದಲೇ ವೇಗ ಹುಟ್ಟಬೇಕು. ಈ ಪ್ರಕರಣದ ಗಂಟು ಇರುವುದೂ ಇಲ್ಲೇ.

ಜಿಮ್‌ನಲ್ಲಿ ನಡೆದದ್ದು

ವಾರಕ್ಕೆ ಮೂರು ದಿನ: ಬೆಂಚ್‌ಪ್ರೆಸ್, ಶೋಲ್ಡರ್ ಪ್ರೆಸ್, ಡಿಪ್ಸ್, ಕತ್ತಿನ ಹಿಂದಕ್ಕೆ ಎಳೆಯುವ ಲ್ಯಾಟ್ ಪುಲ್‌ಡೌನ್, ಕೊನೆಗೆ ಬೈಸೆಪ್ಸ್. ಜಿಮ್‌ನ ಟ್ರೇನರ್ ಕೊಟ್ಟ ಪಟ್ಟಿ ಇದು. ದೇಹ ಕಟ್ಟುವವನಿಗೆ ತಪ್ಪೇನೂ ಇಲ್ಲದ ಪಟ್ಟಿ. ಪೋಲೊ ಆಡುವವನಿಗೆ ಇದರಲ್ಲಿ ಮೂರು ತೊಂದರೆಗಳಿವೆ.

ಮೊದಲನೆಯದು ದಿಕ್ಕು. ಬೆಂಚ್‌ಪ್ರೆಸ್‌ನಲ್ಲಿ ಕೈ ಎದೆಯ ಮುಂದಕ್ಕೆ ತಳ್ಳುತ್ತದೆ. ಫ್ರೀಸ್ಟೈಲ್‌ನಲ್ಲಿ ತಲೆಯಿಂದಾಚೆ ಚಾಚಿದ ಕೈ ತೊಡೆಯ ಕಡೆಗೆ ಬರುತ್ತದೆ. ಎದೆಯ ದೊಡ್ಡ ಸ್ನಾಯು ಎರಡರಲ್ಲೂ ದುಡಿಯುತ್ತದೆ ನಿಜ. ಆದರೆ ಸ್ಟ್ರೋಕ್‌ನ ನಡುಭಾಗದ ಎಂಜಿನ್ ಬೆನ್ನಿನ ಲ್ಯಾಟಿಸಿಮಸ್ (ಲ್ಯಾಟ್) ಮತ್ತು ಟೆರೆಸ್ ಮೇಜರ್ ಸ್ನಾಯುಗಳು. ಇವು ಚಾಚಿದ ಕೋನದಿಂದ ಎಳೆಯಲು ಕಲಿತಿರಬೇಕು.

ಎರಡನೆಯದು ಸಮತೋಲ. ಎದೆ, ಲ್ಯಾಟ್, ಟೆರೆಸ್ ಮೇಜರ್, ಸಬ್‌ಸ್ಕ್ಯಾಪುಲಾರಿಸ್, ಇವೆಲ್ಲ ತೋಳನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳು. ಈಜಿನ ಎಳೆತವೂ ಅದನ್ನೇ ಬೆಳೆಸುತ್ತದೆ, ಎಸೆತವೂ ಅದನ್ನೇ ಬೆಳೆಸುತ್ತದೆ, ಈಗ ಜಿಮ್ಮೂ ಅದನ್ನೇ ಬೆಳೆಸಿತು. ಹೊರಕ್ಕೆ ತಿರುಗಿಸುವವು ಮುಖ್ಯವಾಗಿ ಎರಡು ಸಣ್ಣ ಸ್ನಾಯುಗಳು, ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್. ಎಸೆದ ಮೇಲೆ ತೋಳಿಗೆ ಬ್ರೇಕ್ ಹಾಕುವುದು ಇವೇ. ತೋಳಿನ ಗುಂಡು ತಲೆಯನ್ನು ಕೀಲಿನ ನಡುವೆ ಹಿಡಿದಿಡುವುದರಲ್ಲೂ ಇವಕ್ಕೆ ಪಾಲಿದೆ. ಇವಕ್ಕೆ ಆ ಪಟ್ಟಿಯಲ್ಲಿ ಒಂದೇ ಒಂದು ವ್ಯಾಯಾಮವೂ ಇರಲಿಲ್ಲ.

ಮೂರನೆಯದು ಒಟ್ಟು ಹೊರೆ. ಈಜಿನಲ್ಲೂ ಎಸೆತದಲ್ಲೂ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡದೆ ಜಿಮ್ಮನ್ನು ಮೇಲೆ ಹೇರಲಾಯಿತು. ಕತ್ತಿನ ಹಿಂದಕ್ಕೆ ಎಳೆಯುವ ಪುಲ್‌ಡೌನ್ ತೋಳನ್ನು ಹೊರತಿರುವಿನ ತುದಿಯಲ್ಲಿ ಭಾರದಡಿ ನಿಲ್ಲಿಸುತ್ತದೆ. ದಿನಕ್ಕೆ 120 ಸಲ ಎಸೆಯುವ ಭುಜ ಅದೇ ತುದಿಗೆ ಆಗಲೇ 120 ಸಲ ಹೋಗಿ ಬಂದಿರುತ್ತದೆ.

ಅಳೆದದ್ದು ಹೇಗೆ

ಕೀಲು ಒಂದೇ ವೇಗದಲ್ಲಿ ತಿರುಗುವಾಗ ಸ್ನಾಯುಬಲ ಅಳೆಯುವ ಐಸೊಕೈನೆಟಿಕ್ ಯಂತ್ರ ದೊಡ್ಡ ಕ್ರೀಡಾ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಕ್ಲಬ್‌ಗೆ ಸಾಮಾನು ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಸಾಕು, ಶಿಸ್ತಿನಿಂದ ಬಳಸಿದರೆ. ಆಟಗಾರ ಬೆಂಚಿನ ಮೇಲೆ ಬೋರಲು ಮಲಗುತ್ತಾನೆ. ಮೇಲ್ದೋಳು ಮೈಯಿಂದ 90 ಡಿಗ್ರಿ ಹೊರಕ್ಕೆ, ಮೊಣಕೈ 90 ಡಿಗ್ರಿ ಮಡಚಿ, ಮುಂದೋಳು ಬೆಂಚಿನಿಂದ ನೆಟ್ಟಗೆ ಕೆಳಗೆ ಇಳಿಬಿಟ್ಟಿರುತ್ತದೆ. ಮೊಣಕೈಯ ಕೆಳಗೆ ಮಡಚಿದ ಟವೆಲ್. ಮಣಿಕಟ್ಟಿಗೆ ಪಟ್ಟಿ ಕಟ್ಟಿ ತಕ್ಕಡಿಗೆ ಸಿಕ್ಕಿಸಬೇಕು. ಹೊರತಿರುವು ಅಳೆಯಲು ತಕ್ಕಡಿಯ ಇನ್ನೊಂದು ತುದಿಯನ್ನು ಕಾಲಿನ ದಿಕ್ಕಿನಲ್ಲಿ ಕದಲದ ಕಂಬಕ್ಕೆ ಕಟ್ಟಿ, ಕೈಯನ್ನು ತಲೆಯ ಕಡೆಗೆ ಎಳೆಯಬೇಕು. ಒಳತಿರುವಿಗೆ ಇದರ ತಿರುಗುಮುರುಗು. ಹಗ್ಗ ನೆಲಕ್ಕೆ ಸಮಾನಾಂತರವಾಗಿರಲಿ. ಐದು ಸೆಕೆಂಡು ನಿಧಾನವಾಗಿ ಬಲ ಏರಿಸುವುದು, ಝಾಡಿಸಿ ಎಳೆಯುವಂತಿಲ್ಲ. ಮೂರು ಯತ್ನ, ನಡುವೆ 30 ಸೆಕೆಂಡು ಬಿಡುವು, ಮೇಲಿನ ಎರಡರ ಸರಾಸರಿ.

ಬಲಗೈಯಲ್ಲಿ ಒಳತಿರುವು ಜಿಮ್‌ಗೆ ಮೊದಲು 17.0 ಕೆಜಿ ಇದ್ದದ್ದು 19.4 ಆಗಿತ್ತು, ಅಂದರೆ ಶೇ. 14ರ ಏರಿಕೆ. ಹೊರತಿರುವು 11.9ರಿಂದ 12.0. ಹೊರತಿರುವನ್ನು ಒಳತಿರುವಿನಿಂದ ಭಾಗಿಸಿದಾಗ ಬರುವ ಅನುಪಾತ 0.70ರಿಂದ 0.62ಕ್ಕೆ ಕುಸಿದಿತ್ತು. ಎಡಗೈಯಲ್ಲಿ 17.6 ಮತ್ತು 12.9, ಅನುಪಾತ 0.73. ಯಂತ್ರದ ಅಳತೆಯಲ್ಲಿ ಸಾಮಾನ್ಯವಾಗಿ 0.65ರಿಂದ 0.75ರ ನಡುವೆ ಇರಲಿ ಎನ್ನುತ್ತಾರೆ. ಕೈಯಳತೆಯ ಅಂಕಿ ಇನ್ನೂ ಮೇಲೆ ಬರುವುದೂ ಉಂಟು. ಆದ್ದರಿಂದ ಬೇರೆಯವರ ಅಂಕಿಯೊಂದಿಗೆ ಹೋಲಿಸಿ ಗಾಬರಿಯಾಗುವುದಕ್ಕಿಂತ, ಅದೇ ತಕ್ಕಡಿಯಲ್ಲಿ ಅದೇ ಆಟಗಾರನ ಇನ್ನೊಂದು ಕೈ ಮತ್ತು ಹಿಂದಿನ ಅಳತೆಯೊಂದಿಗೆ ಹೋಲಿಸುವುದೇ ಸರಿ. ಇವನ ಮಟ್ಟಿಗೆ ಎರಡೂ ಹೋಲಿಕೆ ಒಂದೇ ಮಾತು ಹೇಳಿದವು.

ಕೀಲಿನ ಚಲನೆ ಅಳೆಯಲು ಅಂಗಾತ ಮಲಗಿಸಿ, ಒಬ್ಬರು ಭುಜವನ್ನು ಮುಂದಿನಿಂದ ಒತ್ತಿ ಹಿಡಿದು, ಇನ್ನೊಬ್ಬರು ಮುಂದೋಳಿನ ಮೇಲೆ ಫೋನಿನ ಕೋನಮಾಪಕ ಇಡಬೇಕು. ಒತ್ತಿ ಹಿಡಿಯದಿದ್ದರೆ ಹೆಗಲಹಲಗೆಯೇ ಎದ್ದು ಬಂದು 15 ಡಿಗ್ರಿ ಸುಳ್ಳು ಹೇಳುತ್ತದೆ. ಬಲಗೈಯಲ್ಲಿ ಒಳತಿರುವು 42 ಡಿಗ್ರಿ, ಹೊರತಿರುವು 104, ಒಟ್ಟು 146. ಎಡಗೈಯಲ್ಲಿ 58 ಮತ್ತು 95, ಒಟ್ಟು 153. ಎಸೆಯುವ ಕೈಯಲ್ಲಿ ಒಳತಿರುವು ಸ್ವಲ್ಪ ಕಡಿಮೆಯಾಗಿ ಹೊರತಿರುವು ಅಷ್ಟೇ ಹೆಚ್ಚಾದರೆ ಅದು ಹೊಂದಾಣಿಕೆ, ರೋಗವಲ್ಲ. ಇಲ್ಲಿ ಒಟ್ಟು ಮೊತ್ತವೇ 7 ಡಿಗ್ರಿ ಕಡಿಮೆ. 5 ದಾಟಿದರೆ ಗಮನಿಸಬೇಕು ಎಂಬುದು ಎಸೆತದ ಆಟಗಳಲ್ಲಿ ರೂಢಿಯ ಗೆರೆ.

ಈಜಿಗೆ ಸ್ಟಾಪ್‌ವಾಚ್ ನಂಬಲಿಲ್ಲ. ಬೆರಳಿನ ತಪ್ಪೇ 0.1ರಿಂದ 0.2 ಸೆಕೆಂಡು ಇರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟರದ್ದೇ. ಸೆಕೆಂಡಿಗೆ 60 ಚೌಕಟ್ಟಿನ ಫೋನ್ ವಿಡಿಯೊದಲ್ಲಿ ಒಂದು ಚೌಕಟ್ಟು 0.017 ಸೆಕೆಂಡು. ಲೇನ್ ಹಗ್ಗದ ಮೇಲೆ ಪ್ರತಿ 5 ಮೀಟರಿಗೆ ಬಣ್ಣದ ಟೇಪ್ ಸುತ್ತಿ, ಆ ಗುರುತಿನ ನೇರ ಎದುರಿಗೆ ಫೋನ್ ಇಟ್ಟು, ತಲೆ ದಾಟಿದ ಚೌಕಟ್ಟು ಎಣಿಸಬೇಕು. ಒಂದೇ ಫೋನಿನಿಂದ ಓರೆಯಾಗಿ ನಾಲ್ಕೂ ಗುರುತು ನೋಡಿದರೆ ಹತ್ತಿರದ್ದು ದೂರ, ದೂರದ್ದು ಹತ್ತಿರ ಆಗಿಬಿಡುತ್ತದೆ.

ಒಂದು ಎಡವಟ್ಟನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲ ಪರೀಕ್ಷೆ ಜನವರಿಯ ಬೆಳಗಿನಲ್ಲಿ ನಡೆದಿತ್ತು, ಎರಡನೆಯದು ಏಪ್ರಿಲ್‌ನಲ್ಲಿ. ಬೆಂಗಳೂರಿನ ಬಯಲು ಕೊಳದಲ್ಲಿ ಜನವರಿ ಬೆಳಗಿನ ನೀರಿಗೆ ಇಳಿದವರಿಗೆ ಗೊತ್ತು, ಹತ್ತು ನಿಮಿಷ ಭುಜ ಭುಜವಾಗಿರುವುದಿಲ್ಲ. ಹಾಗಾಗಿ ಆ 0.05 ಸೆಕೆಂಡಿನ ‘ಪ್ರಗತಿ’ ನೀರಿನ ಬಿಸಿಯ ಪ್ರಗತಿಯೂ ಆಗಿರಬಹುದು. ಮುಂದಿನ ಪರೀಕ್ಷೆಗಳನ್ನೆಲ್ಲ ಸಂಜೆ ಒಂದೇ ಹೊತ್ತಿಗೆ, ನೀರಿನ ಉಷ್ಣತೆ ಬರೆದಿಟ್ಟುಕೊಂಡು ಮಾಡಲಾಯಿತು.

ಅಂಕಿಗಳು ಬಿಚ್ಚಿಟ್ಟದ್ದು

11.70 ಸೆಕೆಂಡನ್ನು ತುಂಡು ಮಾಡಿದರೆ: ಮೊದಲ 5 ಮೀಟರಿಗೆ 3.40, ಮುಂದಿನ 5ಕ್ಕೆ 2.70, ಆಮೇಲೆ 2.75, ಕೊನೆಗೆ 2.85. 5ರಿಂದ 15 ಮೀಟರಿನ ನಡುವೆ ವೇಗ ಸೆಕೆಂಡಿಗೆ 1.83 ಮೀಟರ್. ಅದೇ ಹತ್ತು ಮೀಟರನ್ನು ತಲೆ ನೀರಿಗಿಟ್ಟು ಈಜಿದರೆ 5.10 ಸೆಕೆಂಡು, ಅಂದರೆ 1.96. ತಲೆ ಎತ್ತಿದ್ದಕ್ಕೆ ತೆತ್ತ ಸುಂಕ ಶೇ. 6.5ರಷ್ಟು.

ಇನ್ನು ಸ್ಟ್ರೋಕ್ ಎಣಿಕೆ. ಜಿಮ್‌ಗೆ ಮೊದಲಿನ ವಿಡಿಯೊದಲ್ಲಿ ನಿಮಿಷಕ್ಕೆ 58 ಸುತ್ತು (ಎರಡೂ ಕೈಯ ಒಂದೊಂದು ಎಳೆತ ಸೇರಿ ಒಂದು ಸುತ್ತು), ಒಂದು ಸುತ್ತಿಗೆ 1.89 ಮೀಟರ್. ಈಗ 62 ಸುತ್ತು, ಸುತ್ತಿಗೆ 1.77 ಮೀಟರ್. ವೇಗ ಅಷ್ಟೇ. ಅಂದರೆ ಕೈ ಮೊದಲಿಗಿಂತ ಬೇಗ ತಿರುಗುತ್ತಿದೆ, ಆದರೆ ಪ್ರತಿ ಸಲವೂ 12 ಸೆಂ.ಮೀ. ಕಡಿಮೆ ದೂರ ಕೊಡುತ್ತಿದೆ. ಬಂದ ಬಲವೆಲ್ಲ ನೀರನ್ನು ಹಿಡಿಯುವುದರಲ್ಲಿ ಹೋಗಲಿಲ್ಲ, ನೀರನ್ನು ಸೀಳುವುದರಲ್ಲಿ ಹೋಯಿತು. ಕೆಸರಿನಲ್ಲಿ ಸಿಕ್ಕ ಲಾರಿಯ ಚಕ್ರದಂತೆ.

ನೀರಿನಡಿಯ ವಿಡಿಯೊ ಕಾರಣ ತೋರಿಸಿತು. ಕೈ ನೀರಿಗೆ ಇಳಿದೊಡನೆ ಮೊಣಕೈ ಮೇಲೆ ನಿಂತು ಮುಂದೋಳು ಹಲಗೆಯಂತೆ ನೆಟ್ಟಗಾಗಬೇಕು. ಈಜುಗಾರರು ಕ್ಯಾಚ್ ಎನ್ನುವುದು ಇದನ್ನೇ. ಬಲಗೈಯಲ್ಲಿ ಮೊಣಕೈ ಮೊದಲೇ ಕುಸಿದು, ಅಂಗೈ ನೀರನ್ನು ಹಿಂದಕ್ಕೆ ತಳ್ಳುವ ಬದಲು ಕೆಳಕ್ಕೆ ಒತ್ತುತ್ತಿತ್ತು. ಕೆಳಕ್ಕೆ ಒತ್ತಿದರೆ ಎದೆ ಏಳುತ್ತದೆ, ಎದೆ ಎದ್ದರೆ ಸೊಂಟ ಮುಳುಗುತ್ತದೆ. ತಲೆ ಎತ್ತಿ ಈಜುವವನ ಸೊಂಟ ಮೊದಲೇ ಮುಳುಗಿರುತ್ತದೆ, ಇದು ಗಾಯದ ಮೇಲೆ ಬರೆ.

ಮೊಣಕೈ ಏಕೆ ಕುಸಿಯಿತು? ಎತ್ತರದ ಮೊಣಕೈ ಎಂದರೆ ತೋಳು ಹೊರಕ್ಕೆ ಎತ್ತಿದ್ದು ಒಳಕ್ಕೆ ತಿರುಗಿದ್ದು. ಭುಜದ ಮುಂಭಾಗಕ್ಕೆ ಅತ್ಯಂತ ಇಕ್ಕಟ್ಟಿನ ಭಂಗಿ ಅದು. ಆ ಇಕ್ಕಟ್ಟಿನಲ್ಲಿ ಜಾಗ ಮಾಡಿಕೊಡಬೇಕಾದದ್ದು ಹೆಗಲಹಲಗೆ. ಅದು ಮೇಲಕ್ಕೆ ತಿರುಗಿ ಪಕ್ಕೆಲುಬಿಗೆ ಒತ್ತಿಕೊಂಡು ನಿಲ್ಲಬೇಕು. ಆ ಕೆಲಸ ಪಕ್ಕೆಲುಬಿನ ಮೇಲಿನ ಸೆರೇಟಸ್ ಆಂಟೀರಿಯರ್ ಮತ್ತು ಬೆನ್ನಿನ ಟ್ರೆಪೀಸಿಯಸ್‌ನ ಕೆಳಭಾಗದ್ದು. ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದ ಅಧ್ಯಯನಗಳಲ್ಲಿ, ಫ್ರೀಸ್ಟೈಲ್‌ನ ಇಡೀ ಸುತ್ತಿನುದ್ದಕ್ಕೂ ಬಿಡುವಿಲ್ಲದೆ ದುಡಿಯುವುದು ಸೆರೇಟಸ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂದು ಕಂಡಿದೆ. ಬಿಡುವಿಲ್ಲದವರು ಮೊದಲು ದಣಿಯುತ್ತಾರೆ. ಇವನು ಗೋಡೆಗೆ ಕೈಯೊತ್ತಿ ನಿಂತಾಗಲೇ ಬಲ ಹೆಗಲಹಲಗೆಯ ಒಳಂಚು ಬೆನ್ನಿನಿಂದ ಎದ್ದು ಕಾಣುತ್ತಿತ್ತು. ಭುಜ ನೋಯುವ ಭಂಗಿಯನ್ನು ಮೈ ತಾನೇ ತಪ್ಪಿಸಿಕೊಂಡು ಮೊಣಕೈಯನ್ನು ಬೀಳಿಸಿತು. ಕೋಚ್ ದಡದಿಂದ ಎಷ್ಟೇ ‘ಮೊಣಕೈ ಮೇಲೆ’ ಎಂದು ಕೂಗಿದರೂ ಅದು ಏಳುವುದಿಲ್ಲ.

ಬಲದಿಂದ ವೇಗಕ್ಕೆ ವಿನಿಮಯ ದರ

ಭುಜದ ಸ್ನಾಯು ಸರಿಯಾಗಿ ಬೆಳೆದಿದ್ದರೂ ಎಷ್ಟು ವೇಗ ಸಿಗಬಹುದಿತ್ತು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಗುರಿ ಇಡುವುದರಿಂದಲೇ ಅರ್ಧ ನಿರಾಸೆ ಹುಟ್ಟುತ್ತದೆ. ನೀರಿನ ತಡೆ ಸುಮಾರಾಗಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ. ಹಾಗಾಗಿ ಮುಂದೊತ್ತುವ ಪವರ್ ಶೇ. 10 ಹೆಚ್ಚಾದರೆ ಸ್ಥಿರ ವೇಗ ಹೆಚ್ಚುವುದು ಶೇ. 3.2 ಮಾತ್ರ. ಶೇ. 20 ಹೆಚ್ಚಾದರೆ ಶೇ. 6.3. ಅದೂ ಒಂದು ಹನಿ ಬಲವೂ ಜಾರದೆ ನೀರಿಗೆ ದಾಟಿದರೆ. ಮೈಯನ್ನು ಚಪ್ಪಟೆಯಾಗಿಟ್ಟು ತಡೆಯನ್ನೇ ಶೇ. 6 ಇಳಿಸಿದರೆ ಅದೇ ಬಲಕ್ಕೆ ಶೇ. 3 ವೇಗ ಬಿಟ್ಟಿಯಾಗಿ ಸಿಗುತ್ತದೆ.

ಆದರೆ ಈ ಲೆಕ್ಕ ಸ್ಥಿರ ವೇಗದ್ದು. ಸೀಟಿ ಊದಿದ ಮೊದಲ ಎರಡು ಸೆಕೆಂಡಿನಲ್ಲಿ ವೇಗ ಕಡಿಮೆ, ಆದ್ದರಿಂದ ತಡೆಯೂ ಕಡಿಮೆ. ಬಲದ ಬಹುಪಾಲು ಮೈಯನ್ನು, ಜೊತೆಗೆ ಮೈಗಂಟಿ ಸಾಗುವ ನೀರನ್ನು, ಮುಂದಕ್ಕೆ ಚಿಮ್ಮಿಸಲು ಹೋಗುತ್ತದೆ. ಅಲ್ಲಿ ಬಲಕ್ಕೆ ನೇರ ಬೆಲೆ ಇದೆ. 50 ಮೀಟರ್ ಈಜುಗಾರನಿಗಿಂತ ಪೋಲೊ ಆಟಗಾರನಿಗೆ ಭುಜದ ಬಲ ಹೆಚ್ಚು ಉಪಯೋಗಕ್ಕೆ ಬರಬೇಕಾದದ್ದು ಈ ಕಾರಣಕ್ಕೆ. ಪಂದ್ಯದಲ್ಲಿ ಅವನು ಮತ್ತೆ ಮತ್ತೆ ನಿಂತು, ತಿರುಗಿ, ಸೊನ್ನೆಯಿಂದ ಹೊರಡುತ್ತಾನೆ. ಗೋಡೆ ಒದ್ದು 25 ಮೀಟರ್ ಈಜಿಸಿ ‘ಜಿಮ್‌ನಿಂದ ಲಾಭವಿಲ್ಲ’ ಎಂದು ತೀರ್ಮಾನಿಸುವ ಕೋಚ್, ಲಾಭ ಇರಬಹುದಾದ ಐದು ಮೀಟರನ್ನೇ ಗೋಡೆಗೆ ಒಪ್ಪಿಸಿರುತ್ತಾನೆ.

‘ಭುಜದ ಬಲ ಹೆಚ್ಚಿದ್ದವರು ವೇಗವಾಗಿ ಈಜುತ್ತಾರೆ’ ಎಂಬ ಮಾತಿನಲ್ಲೂ ಒಂದು ಮೋಸವಿದೆ. ಇಪ್ಪತ್ತು ಆಟಗಾರರನ್ನು ಸಾಲಾಗಿ ಅಳೆದರೆ ಹಾಗೆ ಕಾಣುವುದು ಸಹಜ. ದೊಡ್ಡವರು, ಹಿರಿಯರು, ಹೆಚ್ಚು ವರ್ಷ ಅಭ್ಯಾಸ ಮಾಡಿದವರು ಎರಡರಲ್ಲೂ ಮುಂದಿರುತ್ತಾರೆ. ಅದು ಇಪ್ಪತ್ತು ಮಂದಿಯ ನಡುವಿನ ಸಂಬಂಧ. ಒಬ್ಬನಲ್ಲಿ ಬಲ ಹೆಚ್ಚಿಸಿದರೆ ಅವನ ವೇಗ ಹೆಚ್ಚುತ್ತದೆ ಎನ್ನುವುದು ಬೇರೆಯೇ ಮಾತು, ಬೇರೆಯೇ ಪುರಾವೆ ಬೇಡುತ್ತದೆ.

ನೆಲದ ಬಲ ಎಷ್ಟು ನೀರಿಗೆ ದಾಟುತ್ತಿದೆ ಎಂದು ನೋಡಲು ಹಗ್ಗ ಕಟ್ಟಿ ಈಜಿಸುವ ಪರೀಕ್ಷೆ ಇದೆ. ಸೊಂಟಪಟ್ಟಿಯಿಂದ ಜಗ್ಗದ ಹಗ್ಗ, ಹಗ್ಗದ ತುದಿಗೆ ಕ್ರೇನ್ ತಕ್ಕಡಿ, ತಕ್ಕಡಿ ದಡದ ಕೊಂಡಿಗೆ. ಹತ್ತು ಸೆಕೆಂಡು ಪೂರ್ಣ ಬಿರುಸಿನ ಈಜು. ತಕ್ಕಡಿಯ ಪರದೆಯನ್ನು ಚಿತ್ರೀಕರಿಸಿ ಎರಡನೇ ಸೆಕೆಂಡಿನಿಂದ ಎಂಟನೆಯದರವರೆಗಿನ ಅಂಕಿಗಳ ಸರಾಸರಿ ತೆಗೆಯಬೇಕು, ಹಗ್ಗ ಬಿಗಿಯಾಗುವ ಮೊದಲ ಜಗ್ಗನ್ನು ಬಿಡಬೇಕು. ಮೊದಲ ದಿನ ಹಗ್ಗವನ್ನು ನೀರಿನಿಂದ ಒಂದು ಮೀಟರ್ ಮೇಲಿದ್ದ ಧುಮುಕುಕಟ್ಟೆಗೆ ಕಟ್ಟಿದ್ದರಿಂದ ಅಂಕಿ ಕೆಟ್ಟಿತು. ಹಗ್ಗ 4 ಮೀಟರ್ ಇದ್ದರೆ ಕೋನ 14.5 ಡಿಗ್ರಿ. ತಕ್ಕಡಿ ಓದುವುದರಲ್ಲಿ ಶೇ. 3ರಷ್ಟು ವ್ಯತ್ಯಾಸ ಸಣ್ಣದು. ದೊಡ್ಡ ತೊಂದರೆ ಏನೆಂದರೆ ಹಗ್ಗವೇ ಸೊಂಟವನ್ನು ಮೇಲಕ್ಕೆತ್ತಿ, ಮುಳುಗುವ ಸೊಂಟದ ದೋಷವನ್ನು ಮುಚ್ಚಿಹಾಕುತ್ತದೆ. ಕೊಂಡಿಯನ್ನು 40 ಸೆಂ.ಮೀ. ಎತ್ತರಕ್ಕೆ ಇಳಿಸಿ ಹಗ್ಗ 5 ಮೀಟರ್ ಮಾಡಿದ ಮೇಲೆ ಕೋನ 5 ಡಿಗ್ರಿಗಿಂತ ಕೆಳಗಿಳಿಯಿತು. ಆಗ ಸಿಕ್ಕ ಸರಾಸರಿ 12.0 ಕೆಜಿ.

ಎಂಟು ವಾರದ ತಿದ್ದುಪಡಿ

ಮೊದಲು ಫಿಸಿಯೊ ನೋಡಿ, ತೀವ್ರವಾದ ಗಾಯವಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ರಾತ್ರಿ ನಿದ್ದೆಗೆಡಿಸುವ ನೋವು, ಕೈ ಎತ್ತಲಾರದ ಸೋಲು, ಭುಜ ಜಾರಿದ ಅನುಭವ, ಬೆರಳಿಗೆ ಜೋಮು, ಇವುಗಳಲ್ಲಿ ಒಂದಿದ್ದರೂ ಈ ಪಟ್ಟಿ ಅನ್ವಯಿಸುವುದಿಲ್ಲ. ಇವನ ನೋವು ಹತ್ತಕ್ಕೆ ನಾಲ್ಕು, ಎಸೆತದ ಕೊನೆಯಲ್ಲಿ ಮತ್ತು ಕ್ಯಾಚ್‌ನಲ್ಲಿ.

ಮೊದಲ ಎರಡು ವಾರ ಕಳೆಯುವ ಕೆಲಸವೇ ಹೆಚ್ಚು. ಶಾಟ್ 120ರಿಂದ 40ಕ್ಕೆ, ಡಿಪ್ಸ್ ಬಂದ್, ಕತ್ತಿನ ಹಿಂದಿನ ಪುಲ್‌ಡೌನ್ ಶಾಶ್ವತವಾಗಿ ಬಂದ್, ಅಂಗೈಗೆ ಕಟ್ಟಿ ಈಜುವ ಹಲಗೆ, ಅಂದರೆ ಪ್ಯಾಡಲ್, ಇಲ್ಲ. ಬದಲಿಗೆ ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, 2 ಕೆಜಿ ಡಂಬೆಲ್‌ನಲ್ಲಿ ಹೊರತಿರುವು, 15ರಂತೆ 3 ಸುತ್ತು. ಟವೆಲ್ ಬಿದ್ದರೆ ತೋಳು ಮೋಸ ಮಾಡುತ್ತಿದೆ ಎಂದರ್ಥ. ಪುಷ್‌ಅಪ್‌ನ ತುದಿಯಲ್ಲಿ ಮೊಣಕೈ ಮಡಚದೆ ಬೆನ್ನನ್ನು ಇನ್ನೂ ಎರಡಿಂಚು ಚಾವಣಿಯತ್ತ ತಳ್ಳುವುದು, 12ರಂತೆ 3, ಇದು ಸೆರೇಟಸ್‌ಗೆ. ಬೋರಲು ಮಲಗಿ ಕೈಗಳನ್ನು ಓರೆಯಾಗಿ ಮೇಲಕ್ಕೆ ಚಾಚಿ ಎತ್ತುವುದು, ಭಾರವಿಲ್ಲದೆ. ಎದೆಗಡ್ಡವಾಗಿ ತೋಳೆಳೆದು ಹಿಂಭುಜ ಸಡಿಲಿಸುವುದು, 30 ಸೆಕೆಂಡಿನಂತೆ 3 ಸಲ, ಎಸೆತದ ನಂತರ.

ಮೂರರಿಂದ ಐದನೇ ವಾರ ಕಟ್ಟುವ ಕೆಲಸ. ಹೊರತಿರುವಿನ ಭಾರ 3ರಿಂದ 4 ಕೆಜಿಗೆ, ಇಳಿಸುವಾಗ ಮೂರು ಸೆಕೆಂಡು ತಡೆದು, 10ರಂತೆ 3. ಎಸೆತಕ್ಕೆ ಬ್ರೇಕ್ ಹಾಕುವ ಸ್ನಾಯುವನ್ನು ಬ್ರೇಕ್ ಹಾಕುವ ರೀತಿಯಲ್ಲೇ ತರಬೇತಿ ಮಾಡಬೇಕು. ಪುಲ್‌ಅಪ್ 5ರಂತೆ 4, ಸೊಂಟಕ್ಕೆ 5 ಕೆಜಿ. ಕೇಬಲ್‌ನಲ್ಲಿ ನೆಟ್ಟಗಿನ ತೋಳಿನಿಂದ ತಲೆಯೆತ್ತರದಿಂದ ತೊಡೆಯವರೆಗೆ ಎಳೆತ, ಒಂದೊಂದೇ ಕೈ, 8ರಂತೆ 3. ಬೆಂಚ್‌ಪ್ರೆಸ್ ವಾರಕ್ಕೊಮ್ಮೆ, ಇದ್ದದ್ದು ಉಳಿಯಲಿ ಎಂದಷ್ಟೇ.

ನೀರಿನಲ್ಲಿ ನಡೆದದ್ದು ಇದಕ್ಕಿಂತ ಮುಖ್ಯ. ವಾರಕ್ಕೆ ಎರಡು ದಿನ, ಮೈ ಬಿಸಿಯಾದೊಡನೆ, ದಣಿವಾಗುವ ಮೊದಲು: ನಿಂತ ನೀರಿನಿಂದ 10 ಮೀಟರ್, ಹತ್ತು ಸಲ, ನಡುವೆ ಪೂರ್ತಿ ಒಂದು ನಿಮಿಷ ಬಿಡುವು. ಆಮೇಲೆ ಹಗ್ಗದ ಈಜು 8 ಸೆಕೆಂಡು, ಆರು ಸಲ, 75 ಸೆಕೆಂಡು ಬಿಡುವು. ಬಿಡುವು ಕಡಿಮೆ ಮಾಡಿದರೆ ಅದು ಉಸಿರಿನ ತರಬೇತಿಯಾಗುತ್ತದೆ, ವೇಗದ್ದಲ್ಲ. ನಮ್ಮ ಕೋಚ್‌ಗಳಿಗೆ ಆಟಗಾರ ಸುಮ್ಮನೆ ತೇಲುತ್ತಿರುವುದನ್ನು ನೋಡಲಾಗುವುದಿಲ್ಲ, ಇಲ್ಲಿ ನೋಡಲೇಬೇಕು. ಕ್ಯಾಚ್‌ಗಾಗಿ ಮುಷ್ಟಿ ಬಿಗಿದು 25 ಮೀಟರ್, ನಾಲ್ಕು ಸಲ. ಮುಷ್ಟಿ ಬಿಗಿದಾಗ ನೀರು ಹಿಡಿಯಲು ಉಳಿಯುವುದು ಮುಂದೋಳು ಮಾತ್ರ, ಮೊಣಕೈ ಕುಸಿದರೆ ಮೈ ಕದಲುವುದೇ ಇಲ್ಲ.

ತಲೆಯ ಎತ್ತರಕ್ಕೂ ತಿದ್ದುಪಡಿ ಬಂತು. ಇವನು ಕತ್ತು ಪೂರ್ತಿ ಹೊರಬರುವಂತೆ ಈಜುತ್ತಿದ್ದ. ಚೆಂಡು ಕಾಣಲು ಕಣ್ಣು ಮೇಲಿದ್ದರೆ ಸಾಕು, ಗಲ್ಲ ನೀರಿಗೆ ತಾಗಿರಲಿ. ಮೂರು ನಾಲ್ಕು ಇಂಚು ಇಳಿದ ತಲೆಗೆ ಸೊಂಟ ತಾನಾಗಿ ಮೇಲೆ ಬಂತು.

ಹೊರಡುವ ಭಂಗಿಯಲ್ಲೂ ದೋಷವಿತ್ತು. ಸೀಟಿಗೆ ಕಾಯುವಾಗ ಅವನು ನೀರಿನಲ್ಲಿ ನೆಟ್ಟಗೆ ನಿಂತು, ಕಾಲುಗಳನ್ನು ಒಂದಾದ ಮೇಲೊಂದು ಸುತ್ತಿಸುವ ಎಗ್‌ಬೀಟರ್ ಒದೆತದಲ್ಲಿ ತೇಲುತ್ತಿದ್ದ. ಸೀಟಿ ಕೇಳಿದ ಮೇಲೆ ಮೈ ಅಡ್ಡವಾಗಲೇ ಅರ್ಧ ಸೆಕೆಂಡು ಹೋಗುತ್ತಿತ್ತು. ಸೊಂಟ ಮೊದಲೇ ಮೇಲೆತ್ತಿ, ಕೈಗಳಿಂದ ನೀರನ್ನು ಸವರುತ್ತ ಬೋರಲು ಕಾದು, ಸೀಟಿಗೆ ಒಂದು ಬಲವಾದ ಕತ್ತರಿ ಒದೆತ ಮತ್ತು ಮೊದಲ ಕೈಯೆಳೆತ ಒಟ್ಟಿಗೆ ಬರುವಂತೆ ಅಭ್ಯಾಸವಾಯಿತು. ಮೊದಲ ಮೂರು ಎಳೆತ ಚಿಕ್ಕದು, ಬೇಗನೆಯದು. ಆಮೇಲೆ ಉದ್ದ. ಒಂದು ತುದಿಯಲ್ಲಿ ಕಾಲು ನೆಲಕ್ಕೆ ಎಟುಕುವ ಕೊಳಗಳಲ್ಲಿ ಈ ಅಭ್ಯಾಸ ಕೆಟ್ಟುಹೋಗುತ್ತದೆ. ಆಟಗಾರ ಗೊತ್ತಿಲ್ಲದೆ ನೆಲ ಒದೆಯುತ್ತಾನೆ, ಪಂದ್ಯದ ಆಳದಲ್ಲಿ ಆ ನೆಲ ಇರುವುದಿಲ್ಲ.

ನಡುವೆ ಎಡವಿದ್ದು

ನಾಲ್ಕನೇ ವಾರ ಹಗ್ಗದ ಬದಲು ರಬ್ಬರ್ ಕೊಳವೆ ಕಟ್ಟಿ ಈಜಿಸಿದಾಗ ನಿಮಿಷಕ್ಕೆ 62 ಇದ್ದ ಸುತ್ತು 50ರ ಆಸುಪಾಸಿಗೆ ಬಿತ್ತು. ಕೊಳವೆ ಹಿಗ್ಗಿದಷ್ಟೂ ಎಳೆತ ಏರಿ, ಕೊನೆಯಲ್ಲಿ ಅವನು ನಿಂತಲ್ಲೇ ನೀರು ಕಲಕುತ್ತಿದ್ದ, ಮೊಣಕೈ ಮತ್ತೆ ಕುಸಿದಿತ್ತು. ತೆಳು ಕೊಳವೆಗೆ ಬದಲಾಯಿಸಿ, ಸುತ್ತು ಶೇ. 10ಕ್ಕಿಂತ ಹೆಚ್ಚು ಇಳಿದ ಕ್ಷಣ ನಿಲ್ಲಿಸುವ ನಿಯಮ ಮಾಡಲಾಯಿತು.

ಅದೇ ವಾರ ಇನ್ನೊಂದು. ಹೊಸ ಹುರುಪಿನಲ್ಲಿ ಹೊರತಿರುವಿನ ವ್ಯಾಯಾಮವನ್ನು ಶಾಟ್ ಅಭ್ಯಾಸಕ್ಕೆ ಮೊದಲು, ಸ್ನಾಯು ಉರಿಯುವವರೆಗೆ ಮಾಡಿಸಿದ್ದರು. ಬ್ರೇಕ್ ಸವೆಸಿ ಗಾಡಿಯನ್ನು ಇಳಿಜಾರಿಗೆ ಬಿಟ್ಟಂತಾಯಿತು. ಎರಡರಿಂದ ಮತ್ತೆ ನಾಲ್ಕಕ್ಕೇರಿದ ನೋವು ಐದು ದಿನ ತಿಂದಿತು. ಅಭ್ಯಾಸಕ್ಕೆ ಮೊದಲು ಹಗುರ ಬ್ಯಾಂಡಿನಲ್ಲಿ 10ರಂತೆ 2, ಬರೀ ಎಬ್ಬಿಸಲು. ದಣಿಸುವುದೆಲ್ಲ ಆಮೇಲೆ ಅಥವಾ ಎಸೆತವಿಲ್ಲದ ದಿನ.

ಆರರಿಂದ ಎಂಟನೇ ವಾರ ಪ್ರಮಾಣ ಇಳಿಸಿ, ಚೆಂಡಿನೊಂದಿಗೆ 20 ಮೀಟರ್ ಡ್ರಿಬಲ್ ಸೇರಿಸಲಾಯಿತು. ಶಾಟ್ 90ಕ್ಕೆ ಮರಳಿತು.

ಎಂಟನೇ ವಾರದ ಕೊನೆಗೆ

ಒಳತಿರುವು 19.0 ಕೆಜಿ, ಹೊರತಿರುವು 13.9, ಅನುಪಾತ 0.73. ಚಲನೆ 51 ಮತ್ತು 102, ಒಟ್ಟು 153, ಎಡಗೈಗೆ ಸರಿಸಮ. ನೋವು ಹತ್ತಕ್ಕೆ ಒಂದು. ಹಗ್ಗದ ಎಳೆತ 12.0ರಿಂದ 13.1 ಕೆಜಿಗೆ. ಬೆಂಚ್‌ಪ್ರೆಸ್ 75ರಿಂದ 72.5ಕ್ಕೆ ಇಳಿದಿತ್ತು. ಆಟಗಾರನಿಗೆ ಬೇಸರವಾದದ್ದು ಇದೊಂದಕ್ಕೆ.

20 ಮೀಟರ್: 3.15, 2.62, 2.66, 2.75. ಒಟ್ಟು 11.18. ಉಳಿತಾಯವಾದ 0.52 ಸೆಕೆಂಡಿನಲ್ಲಿ 0.25 ಮೊದಲ ಐದು ಮೀಟರಿನದ್ದೇ, ಅಂದರೆ ಹೆಚ್ಚುಕಡಿಮೆ ಅರ್ಧ. ಆ ವೇಗದಲ್ಲಿ ಅರ್ಧ ಸೆಕೆಂಡು ಎಂದರೆ ಒಂದು ಮೀಟರ್ ಹತ್ತಿರ, ಚೆಂಡಿನ ಮೇಲೆ ಯಾರ ಕೈ ಬೀಳುತ್ತದೆ ಎಂಬುದಕ್ಕೆ ಧಾರಾಳ ಸಾಕು. ನಡುವಿನ ಹತ್ತು ಮೀಟರಿನ ವೇಗ 1.83ರಿಂದ 1.89ಕ್ಕೆ, ನಿಮಿಷಕ್ಕೆ 61 ಸುತ್ತು, ಸುತ್ತಿಗೆ 1.86 ಮೀಟರ್. ಕೈ ಬೇಗ ತಿರುಗುವುದು ಉಳಿಯಿತು, ಜಾರುವುದು ನಿಂತಿತು.

ವರ್ಗದ ಲೆಕ್ಕ ಹಾಕಿದರೆ ಶೇ. 9ರಷ್ಟು ಏರಿದ ಹಗ್ಗದ ಎಳೆತಕ್ಕೆ ಶೇ. 4.5 ವೇಗ ಬರಬೇಕಿತ್ತು. ಬಂದದ್ದು ಶೇ. 3.2. ಹಗ್ಗ ಕಟ್ಟಿದಾಗ ಮೈ ನಿಂತಿರುತ್ತದೆ, ಕೈಗೆ ಸಿಗುವ ನೀರು ಭಾರವಾಗಿ ತೋರುತ್ತದೆ. ಸಾಗುವ ಮೈಯಲ್ಲಿ ಅದೇ ನೀರು ಎದುರಿನಿಂದ ಹರಿದು ಹೋಗುತ್ತಿರುತ್ತದೆ, ಅದನ್ನು ಹಿಡಿಯಲು ಕೈಗೆ ಇನ್ನೂ ವೇಗ ಬೇಕು. ಜೊತೆಗೆ ತಲೆ ಇಳಿಸಿದ್ದರಿಂದ ತಡೆ ಕಡಿಮೆಯಾಗಿದ್ದೂ ಈ ಶೇ. 3.2ರೊಳಗೇ ಸೇರಿದೆ. ಹಾಗಾಗಿ ಭುಜದ ಬಲದ ಪಾಲು ಇಷ್ಟೇ ಎಂದು ಗೆರೆ ಎಳೆದು ಹೇಳಲು ಈ ಪ್ರಕರಣದಿಂದ ಸಾಧ್ಯವಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ ತಪ್ಪು ತರಬೇತಿ ಮಾಡಿಸಿದವರದ್ದು. ಆದರೆ ಪಂದ್ಯಾವಳಿ ಎದುರಿಗಿದ್ದಾಗ ಒಂದೊಂದನ್ನೇ ಬದಲಾಯಿಸುತ್ತ ಕೂರುವ ಕೋಚ್ ಯಾವ ಊರಿನಲ್ಲೂ ಸಿಗುವುದಿಲ್ಲ.

ಬಗೆಹರಿಯದೆ ಉಳಿದದ್ದು ನಾಲ್ಕನೇ ಕ್ವಾರ್ಟರ್. ಮೇಲಿನ ಅನುಪಾತವೆಲ್ಲ ದಣಿಯದ ಭುಜದ್ದು. ಅಭ್ಯಾಸ ಪಂದ್ಯ ಮುಗಿದ ಹತ್ತು ನಿಮಿಷದೊಳಗೆ ಅದೇ ಬೆಂಚಿನ ಮೇಲೆ ಬೋರಲು ಮಲಗಿಸಿ ತಕ್ಕಡಿ ಸಿಕ್ಕಿಸಿದಾಗ ಒಳತಿರುವು 18.2ಕ್ಕೆ, ಹೊರತಿರುವು 12.0ಕ್ಕೆ ಇಳಿದು ಅನುಪಾತ 0.66 ತೋರಿಸಿತು. ಸಣ್ಣ ಸ್ನಾಯು ದೊಡ್ಡದಕ್ಕಿಂತ ಬೇಗ ಸೋಲುತ್ತಿದೆ. ಮುಂದಿನ ಆರು ವಾರಕ್ಕೆ ಹೊರತಿರುವಿನ ಭಾರ ಏರಿಸದೆ, 2 ಕೆಜಿಗೆ ಇಳಿಸಿ, 25ರಂತೆ 3 ಸುತ್ತು, ವಾರಕ್ಕೆ ಎರಡು ದಿನ ಎಂದು ಬರೆದಿಡಲಾಗಿದೆ. ಅಳತೆ ಇನ್ನು ಮೇಲೆ ಪಂದ್ಯದ ನಂತರವೇ.